ಡಬ್ಬದ ತಳದ ಬಣ್ಣ

ಹತ್ತಡಿ ಅಗಲ, ಹನ್ನೆರಡಡಿ ಉದ್ದ.
ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ದೇವರು.
ಮಂಡಿ ಮೊಹಲ್ಲಾದ ವಠಾರದಲ್ಲಿ ಮೂರನೇ ಮನೆ.
ಹುಡುಕಿ ಬರುವವರಿಗೆ ಈಗ ನಂಬರು ಹೇಳುವುದಿಲ್ಲ ನಾನು,
ನೀಲಿ ಬಾಗಿಲು ಅನ್ನುತ್ತೇನೆ. ಸಾಕು.

ಇವರು ಪೇಂಟರು.
ಯಾದವಗಿರಿಯ ದೊಡ್ಡ ಮನೆಗಳಿಗೆ ಏಣಿ ಹಾಕುವವರು.
ಅಲ್ಲಿ ಎಲ್ಲರಿಗೂ ಈಗ ಬೂದಿ ಬಣ್ಣವೇ ಬೇಕಂತೆ,
ಅಕ್ಕಿ ತೊಳೆದ ನೀರಿನ ಬಣ್ಣ,
ಮೋಡ ಕಟ್ಟಿಯೂ ಮಳೆ ಬಾರದ ಮಧ್ಯಾಹ್ನದ ಬಣ್ಣ.
ಅಷ್ಟು ದೊಡ್ಡ ಗೋಡೆಗೆ ಅಷ್ಟು ಸಣ್ಣ ಧೈರ್ಯ ಎಂದು
ಮುದ್ದೆ ಮುರಿಯುತ್ತಾ ನಗುತ್ತಾರೆ.

ಹಾಗಾಗಿ ನಮ್ಮ ಮನೆಗೆ ಬರುವುದು ಬೇಡವಾದವು:
ಅಜ್ಜಿ ಆರಿಸಿ, ಮೊಮ್ಮಗ ಒಲ್ಲೆನೆಂದ ಗಿಳಿಹಸಿರು;
ಗೃಹಪ್ರವೇಶದ ಹಿಂದಿನ ದಿನ ಮನಸ್ಸು ಬದಲಾಗಿ
ಮುಚ್ಚಳ ಬಡಿದಿಟ್ಟ ಅರಿಸಿನ;
ಮಗಳ ಕೋಣೆಗೆಂದೇ ಕಲಸಿ, ಮಗಳು ಮುಖ ಸಿಂಡರಿಸಿದ ಗುಲಾಬಿ.
ನೀಲಿ ಎಲ್ಲಿಯದೆಂದು ಹೇಳಿಲ್ಲ,
ಯಾವುದೋ ಶಾಲೆಯ ಗೇಟಿಗೆ ಬಳಿದು ಮಿಕ್ಕಿದ್ದಿರಬೇಕು.
ಸೈಕಲ್ಲಿನ ಹ್ಯಾಂಡಲಿಗೆ ತೂಗಿದ ಡಬ್ಬಗಳು
ಗುಂಡಿಗೊಮ್ಮೆ ಟಣ್ಣೆಂದು ಡಿಕ್ಕಿ ಹೊಡೆಯುವುದು
ಗಲ್ಲಿಯ ತಿರುವಿನಲ್ಲೇ ಕೇಳಿಸುತ್ತದೆ,
ಒಲೆ ಸಣ್ಣದು ಮಾಡಿ ಹೊರಗೆ ಬರುತ್ತೇನೆ.

ಎಲ್ಲವೂ ತಳ. ಯಾವುದೂ ಒಂದು ಗೋಡೆಗೆ ಸಾಲುವುದಿಲ್ಲ.
ಒಲೆಯ ಹಿಂದೆ ಅರಿಸಿನ ನನ್ನ ಎದೆಮಟ್ಟಕ್ಕೇ ಮುಗಿಯಿತು,
ಅಲ್ಲಿಂದ ಮೇಲೆ ಗುಲಾಬಿ.
ನಡುವಿನ ಗೆರೆ ಬಳಿಯುವಾಗ ಕರೆಂಟು ಹೋಗಿ
ಏರಿತು, ಇಳಿಯಿತು, ಮತ್ತೆ ಏರಿತು.
ಕಿರಿಯವಳು ನೋಡಿದಳು, ಬೆಟ್ಟ ಅಂದಳು,
ಅರ್ಧ ಏರಿನಲ್ಲಿ ಕಾಡಿಗೆಯ ಚುಕ್ಕಿ ಇಟ್ಟು
ಇದು ನಂದಿ, ಯಾರೂ ಒರೆಸಬಾರದು ಅಂದಳು.

ಬಂಡಿಪಾಳ್ಯದಿಂದ ಸೇಬಿನ ಪೆಟ್ಟಿಗೆ ಎರಡು ಬಂದವು.
ಹಸಿರು ಬಳಿದು ಮೊಳೆ ಹೊಡೆದೆವು;
ಲೋಟ ತಟ್ಟೆಗಳಿಗೂ ಈಗ ಒಂದು ಮಹಡಿ ಮನೆ.
ಸೆರಗು ಸುಟ್ಟ ನನ್ನ ಕನಕಾಂಬರ ಸೀರೆ
ಅರ್ಧ ಕಿಟಕಿಗೆ ಹೋಯಿತು,
ಇನ್ನರ್ಧ ಗ್ಯಾಸ್ ಸಿಲಿಂಡರಿಗೆ ಲಂಗವಾಯಿತು.
ಬಚ್ಚಲ ಬಾಗಿಲಿಗೆ ಎಲ್ಲ ತಳಗಳ ತಳ ಸೇರಿಸಿ ಕಲಸಿದೆವು:
ನೇರಳೆಯಲ್ಲ, ಇಟ್ಟಿಗೆಯಲ್ಲ,
ರಸಬಾಳೆಯ ಸಿಪ್ಪೆ ಎರಡನೇ ದಿನಕ್ಕೆ ತಿರುಗುವ ಬಣ್ಣ.
ಕ್ಯಾಟಲಾಗಿನಲ್ಲಿ ಇದಕ್ಕೆ ನಂಬರಿಲ್ಲ ಅಂದರು ಇವರು,
ಸ್ವಲ್ಪ ಜಂಬದಿಂದಲೇ.

ಬಾಡಿಗೆಗೆ ಬಂದ ಓನರು ಜವರಪ್ಪ
ಹೊಸ್ತಿಲಲ್ಲೇ ನಿಂತುಬಿಟ್ಟರು.
"ಬಿಡುವಾಗ ಬಿಳಿ ಹೊಡೆದು ಕೊಡಬೇಕು, ಗೊತ್ತಲ್ಲ?"
ಗೊತ್ತು ಅಂದೆ. ಟೀ ಕೊಟ್ಟೆ.
ಲೋಟ ಬರಿದಾದ ಮೇಲೂ ಅವರು
ಅರಿಸಿನದ ಕಡೆಗೇ ಮುಖ ಮಾಡಿ ಕೂತಿದ್ದರು.

ಒಂದು ಕಡೆ ಮಾತ್ರ ಬ್ರಶ್ಶು ತಾಗಿಸಲು ಬಿಡಲಿಲ್ಲ ನಾನು.
ಬಾಗಿಲ ಹಿಂದೆ, ಗೇಣಗಲದ ಹಳೇ ಸುಣ್ಣದ ಮೇಲೆ
ಗ್ಯಾಸು ಬಂದ ತಾರೀಖುಗಳನ್ನು
ಅತ್ತೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.
ಅರವತ್ತು ದಾಟಿ ರಾತ್ರಿ ಶಾಲೆಯಲ್ಲಿ ಕಲಿತ ಅಂಕಿಗಳು;
ಅವರ ಏಳು ಯಾವಾಗಲೂ ಹಿಂದಕ್ಕೆ ವಾಲುತ್ತದೆ,
ನಗು ತಡೆಯಲಾರದವರ ಹಾಗೆ.
ಕೊನೆಯ ಸಾಲಿನಲ್ಲಿ ತಿಂಗಳಿದೆ, ದಿನ ಇಲ್ಲ.

ಇವರು ಏನೂ ಕೇಳಲಿಲ್ಲ.
ಎಲ್ಲಕ್ಕಿಂತ ಸಣ್ಣ ಬ್ರಶ್ಶು ತೆಗೆದು
ಮಿಕ್ಕ ನೀಲಿಯಲ್ಲಿ ಅದರ ಸುತ್ತ ಒಂದು ಚೌಕ ಎಳೆದರು,
ಉಸಿರು ಹಿಡಿದು, ಮಂಡಿಯೂರಿ.

ಹೊರಗೆ ಎದುರು ಮನೆಯ ಖೈರುನ್ನೀಸಾ
ಸ್ಟೂಲಿಗೆ ಚೂರು ಹಸಿರು ಇದೆಯಾ ಎಂದು ನಿಂತಿದ್ದಾಳೆ.
ಇದೆ ಅಂದೆ.
ಸ್ಟೀಲ್ ಲೋಟ ತಂದಿದ್ದಾಳೆ, ಹುಚ್ಚಿ;
ತೆಂಗಿನ ಚಿಪ್ಪು ತಾ ಎಂದು ವಾಪಸು ಕಳಿಸಿದೆ.