ರಂಗ್ ಪಕ್ಕಾ

ಸೊಲ್ಲಾಪುರ, ಅಕ್ಕಲಕೋಟ ರೋಡು, ಬಣ್ಣದ ಕಾರ್ಖಾನೆ.
ನನ್ನ ಕೆಲಸ ಒಗೆಯುವುದು.
ಟವೆಲ್ಲಿನ ಚೂರಿಗೆ ಬಿಳಿ ಬಟ್ಟೆ ಹೊಲಿದು
ಬಿಸಿ ಸಾಬೂನು ನೀರಲ್ಲಿ ಅರ್ಧ ತಾಸು ತಿರುಗಿಸಿ
ಬಿಳಿಗೆ ಎಷ್ಟು ಹತ್ತಿತು ಅಂತ
ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು.
ಒಂದರಿಂದ ಐದು ಅಂಕ.
ಐದು ಬಂದರೆ ಚೀಟಿ ಅಂಟುತ್ತದೆ: ರಂಗ್ ಪಕ್ಕಾ.
ಎರಡು ಬಂದರೆ ಬೈಗುಳ, ಅದೂ ಮೂರು ಭಾಷೆಯಲ್ಲಿ.

ನೀಲಿಯಲ್ಲಿ ಅಗ್ಗದ್ದು ನೂಲಿನ ಪಕ್ಕ ಬಂದು ಒರಗುತ್ತದೆ,
ಹೈಡ್ರೋಜನ್ನಿನ ಕಿರುಬೆರಳು ಹಿಡಿದು,
ರಾತ್ರಿ ಬಸ್ಸಲ್ಲಿ ಪಕ್ಕದವರ ಹೆಗಲಿಗೆ ತೂಕಡಿಸಿದ ಹಾಗೆ.
ಮೊದಲ ಒಗೆತಕ್ಕೇ ಎಚ್ಚರಾಗಿ, ಇಳಿದು,
ಯಾರದೋ ಬನಿಯನ್ನು ಸೇರುತ್ತದೆ.
ತುಟ್ಟಿಯದಕ್ಕೆ ಸೋಡಾ ಬೇಕು, ಕಾವು ಬೇಕು, ತಾಸುಗಟ್ಟಲೆ ಕಾಯಬೇಕು.
ಅದು ನೂಲಿನ ಜೊತೆ ಎಲೆಕ್ಟ್ರಾನನ್ನೇ ಹಂಚಿಕೊಳ್ಳುತ್ತದೆ.
ಆಮೇಲೆ ಬಣ್ಣ ಯಾವುದು ಬಟ್ಟೆ ಯಾವುದು ಅನ್ನುವ ಮಾತಿಲ್ಲ.
ಬ್ಲೀಚು ಹಾಕಿದರೆ ನೀಲಿ ಸಾಯುತ್ತದೆ,
ಹಿಡಿದ ಕೈ ಹಿಡಿದೇ ಇರುತ್ತದೆ.

ಮೂಲೆಯಲ್ಲಿ ಉಪ್ಪಿನ ಚೀಲ.
ಅಲ್ಲಿ ಒಬ್ಬ ಕೊಟ್ಟವ, ಒಬ್ಬ ಇಸಕೊಂಡವ,
ಆ ಲೆಕ್ಕಕ್ಕೇ ಒಬ್ಬರಿಗೊಬ್ಬರು ಕಚ್ಚಿಕೊಂಡಿದ್ದಾರೆ.
ಎಂಟುನೂರು ಡಿಗ್ರಿ ಕಾಯಿಸದೆ ಕರಗುವವರಲ್ಲ,
ನಮ್ಮ ಬಾಯ್ಲರಿಗೆ ಅಷ್ಟು ದಮ್ಮಿಲ್ಲ.
ಆಷಾಢದ ಹವೆ ತಾಗಿದರೆ ಸಾಕು, ಚೀಲದ ತಳ ಒದ್ದೆ.
ನೀರು ಇಬ್ಬರ ಕಿವಿಯಲ್ಲೂ
ಬೇರೆ ಬೇರೆ ಮಾತು ಊದುತ್ತದೆ.

ಮೈಂದರ್ಗಿಯ ಕನ್ನಡ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ:
ಸಹವೇಲೆನ್ಸೀಯ, ಮುನ್ನೂರರ ಮೇಲೆ.
ಹೈಡ್ರೋಜನ್, ಇಪ್ಪತ್ತು.
ವಾಂಡರ್ ವಾಲ್ಸ್, ಎರಡೋ ಮೂರೋ, ಹೆಸರೇ ಅದಕ್ಕಿಂತ ಭಾರ.
ಮರಾಠಿ ಕಾಲೇಜಿಗೆ ಹೋದ ಮೇಲೆ
ಅದೇ ಬಂಧ ಸಹಸಂಯುಜ ಆಯಿತು.
ಕಿಲೋಜೂಲು ಮಾತ್ರ ಊರು ಬದಲಿಸಲಿಲ್ಲ.

ನರಸಯ್ಯ ಗೆಂಟ್ಯಾಲ ಮೇಸ್ತ್ರಿಗೆ ಈ ಪಟ್ಟಿ ತೋರಿಸಿದೆ.
'ಇದರಾಗ ಗಟ್ಟಿ ಯಾವುದವ್ವ?' ಅಂದರು.
ಅವರದು ತೆಲುಗಿನ ಗಟ್ಟಿ, ನನ್ನದು ಕನ್ನಡದ ಗಟ್ಟಿ,
ತಕ್ಕಡಿ ಹತ್ತಿರದಿಂದ ವಾಘಮೋಡೆ ಕೂಗಿದ: ಘಟ್ಟ!
ಒಂದು ಪದವನ್ನು ಮೂವರೂ
ತಮ್ಮದೆಂದೇ ಹಿಡಿದಿದ್ದೆವು.
ಯಾರು ಕೇಳುತ್ತಾರೆ ಅನ್ನುವುದರ ಮೇಲೆ, ಅಂದೆ ನಾನು.
ಬೆಂಕಿ ಕೇಳಿದರೆ ಒಂದು, ನೀರು ಕೇಳಿದರೆ ಇನ್ನೊಂದು.
'ಅಂದ್ರ ನಿಂಗೂ ಗೊತ್ತಿಲ್ಲ.'

ಗೊತ್ತಿಲ್ಲ.
ಇಪ್ಪತ್ತೇ ಅಂತ ಕೈಬಿಟ್ಟಿದ್ದೆನಲ್ಲ,
ಈ ಹತ್ತಿಯ ಒಳಗೆ ಸರಪಳಿಗೆ ಸರಪಳಿ ಕೂಡಿಸಿದ್ದು ಆ ಕಿರುಬೆರಳುಗಳೇ,
ಎಣಿಸಲಾರದಷ್ಟು.
ನೀರು ಚಿಮುಕಿಸಿ ಇಸ್ತ್ರಿ ಒತ್ತಿದರೆ ಬಿಡುತ್ತವೆ,
ಆರುತ್ತಲೇ ಹೊಸ ಜಾಗದಲ್ಲಿ ಹಿಡಿಯುತ್ತವೆ,
ಗೆರೆ ನಿಲ್ಲುತ್ತದೆ.
ಬಿಟ್ಟು ಹಿಡಿಯಲು ಬಲ್ಲದ್ದಕ್ಕೆ ಎಷ್ಟು ಅಂಕ?
ನನ್ನ ಕಾರ್ಡಿನಲ್ಲಿ ಆ ಕಾಲಮ್ಮಿಲ್ಲ.

ಮೊನ್ನೆ ಮೇಸ್ತ್ರಿಯ ಕೈಗವಸು ತೂತು ಬಿದ್ದು
ತುಟ್ಟಿಯ ನೀಲಿ ಒಳಗೆ ಹೋಯಿತು.
ಎರಡು ಬೆರಳು, ಅಂಗೈಯ ಅರ್ಧ.
ಸಾಬೂನು, ಸೀಮೆಎಣ್ಣೆ, ನಿಂಬೆಹಣ್ಣು, ಏನೂ ನಡೆಯಲಿಲ್ಲ.
ಚರ್ಮವೂ ಒಂದು ಬಟ್ಟೆಯೇ ತಾನೆ ಅದಕ್ಕೆ.
ಮೊಮ್ಮಗಳ ಜವಳಕ್ಕೆ ಅದೇ ಕೈಯಲ್ಲಿ ಹೋಗಿ ಬಂದರು,
ಬೀಗರ ಎದುರು ಜೇಬಿನಿಂದ ತೆಗೆಯಲೇ ಇಲ್ಲವಂತೆ.

ಇಪ್ಪತ್ತು ದಿನಕ್ಕೆ ತಾನೇ ಹೋಯಿತು.
'ನೋಡವ್ವ, ಪಕ್ಕಾ ಅಂದಿದ್ದಿ' ಅಂತ ಅಂಗೈ ಚಾಚಿದರು.
ಬಂಧ ಬಿಟ್ಟಿರಲಿಲ್ಲ.
ಹಿಡಿಸಿಕೊಂಡಿದ್ದ ಚರ್ಮವೇ, ಅವರಿಗೂ ಹೇಳದೆ,
ಪುಡಿಪುಡಿಯಾಗಿ ಉದುರಿತ್ತು,
ಸಿಟಿ ಬಸ್ಸಿನ ಕಂಬಿಯ ಮೇಲೆ, ಚಹದ ಬಸಿಯಲ್ಲಿ,
ಬಹುಶಃ ಈ ರಿಜಿಸ್ಟರಿನ ಅಂಚಿನಲ್ಲಿ.
ಕಣ್ಣಿಗೆ ಕಾಣದ ನೀಲಿ
ಅಲ್ಲೂ ಅದನ್ನು ಬಿಟ್ಟಿರಲಿಕ್ಕಿಲ್ಲ.

ಮಾದರಿಯ ಹೆಸರಿನ ಜಾಗ ಖಾಲಿ ಬಿಟ್ಟು
ಐದು ಅಂತ ಬರೆದೆ.