ಮೇಣದ ಮುದ್ರೆ

ಮಾರ್ಚ್ ಮುಗಿಯುತ್ತ ಬಂದರೂ ಎಮಾಯೋಗಿ ನದಿಯ ದಡದಲ್ಲಿ
ಹಿಮದ ಕೊಳಕು ಅಂಚು ಇನ್ನೂ ಕರಗಿಲ್ಲ.
ತಾರ್ತು ಊರಿನ ಈ ನೆಲಮಾಳಿಗೆಯಲ್ಲಿ
ದೀಪ ಆರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದೇನೆ.
ಗಾಜಿನ ಮೇಲೆ ನಾಲ್ಕುನೂರ ಹದಿನೇಳನೆಯವನು.
ಹೆಸರು ಬರೆಯಕೂಡದು. ನನಗೆ ಗೊತ್ತು:
ಎಲ್ಮಾರ್, ಎಪ್ಪತ್ತೊಂಬತ್ತು,
ಬೆನ್ನ ಮೇಲೆ ಕಾಡಿನ ಬ್ಲೂಬೆರಿಯಂಥ ಮಚ್ಚೆ.

ರುಜು ಹಾಕುವ ಮುನ್ನ ಕೇಳಿದ್ದ:
"ಒಳಗೆ ಏನು ಹುಡುಕುತ್ತೀ ಮಗಳೇ?"
"ವೈರಸ್ಸು" ಅಂದೆ.
"ನೆಗಡಿ ಕೂಡ ಇಲ್ಲವಲ್ಲ ನನಗೆ!"
"ನಿಮ್ಮದಲ್ಲ. ನಿಮ್ಮ ಅಜ್ಜನದೂ ಅಲ್ಲ.
ಮನುಷ್ಯರೇ ಇರದ ಕಾಲದಲ್ಲಿ ಯಾವುದೋ ಕೋತಿಯ
ಅಂಡಕ್ಕೋ ವೀರ್ಯಕ್ಕೋ ಹೊಕ್ಕು
ವಂಶದ ಬರಹದಲ್ಲಿ ತನ್ನದೂ ನಾಲ್ಕು ಸಾಲು ಸೇರಿಸಿ ಹೋದದ್ದು.
ಹೋದದ್ದೆಲ್ಲಿ, ಉಳಿದದ್ದು.
ಅಂಥವೇ ಎಷ್ಟೋ ಸೇರಿ, ನೂರಕ್ಕೆ ಎಂಟು ಪಾಲು ನೀವು ಅದೇ. ನಾನೂ."

ಆತ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ.
ಸೋವಿಯತ್ ದಿನಗಳಲ್ಲಿ ಗ್ರಂಥಾಲಯದ ಕಾವಲುಗಾರನಂತೆ.
ಮೂರನೇ ಮಹಡಿಯಲ್ಲಿ ಬೇಡದ ಪುಸ್ತಕಗಳ ಕೋಣೆ,
ಸುಡುವಂತಿಲ್ಲ, ಓದುವಂತಿಲ್ಲ.
ದಿನಾ ಸಂಜೆ ಬಾಗಿಲಿಗೆ ದಾರ ಸುತ್ತಿ
ಮೇಣ ಮೆತ್ತಿ, ಹಿತ್ತಾಳೆಯ ಮುದ್ರೆ ಒತ್ತಬೇಕು.
ಬೆಳಿಗ್ಗೆ, ಒಡೆದಿಲ್ಲವೆಂದು ಬರೆದುಕೊಡಬೇಕು.
ಹತ್ತೊಂಬತ್ತು ವರ್ಷ.
"ಒಳಗೇನಿತ್ತು?"
"ಇಲಿ ಓಡಾಡುವ ಸದ್ದು."

ಮುದ್ರೆ. ಅದಕ್ಕಿಂತ ಒಳ್ಳೆಯ ಮಾತು ನಮ್ಮ ಪಠ್ಯದಲ್ಲಿಲ್ಲ.
ಒಂದು ಇಂಗಾಲ, ಮೂರು ಜಲಜನಕ,
ಜೀನಿನ ಬಾಯಿಗೆ ಇಷ್ಟೇ ಇಷ್ಟು ಮೇಣ.
ಕೋಶ ಒಂದು ಎರಡಾಗುವಾಗಲೆಲ್ಲ
ಯಾರೋ ನೆನಪಿಟ್ಟು ಮತ್ತೆ ಒತ್ತುತ್ತಾರೆ.
ಬೆನ್ನ ಮೇಲಿನ ಒಂದೇ ಒಂದು ಕೋಶದಲ್ಲಿ
ಕಾವಲಿನವನು ತೂಕಡಿಸಿದ.

ಈಗ ಇಲ್ಲಿ ಹಸಿರು.
ಕತ್ತಲೆಯಲ್ಲಿ ಹಸಿರು ಚುಕ್ಕಿ, ಹಸಿರು ಉಂಗುರ,
ಹುರಿದ ಬೀಜ ಮೊಳೆತ ಹಾಗೆ.
ಕಪಾಟು ತೆರೆದಿದೆ. ಪುಟಗಳನ್ನು ಇಲಿ ತಿಂದಿದೆ,
ತಲೆಯಿಲ್ಲದ ವಾಕ್ಯ, ಬಾಲವಿಲ್ಲದ ವಾಕ್ಯ.
ಆದರೂ ಒಂದೆರಡು ಪದ ಓದಬರುತ್ತವೆ,
ಕೋಶಕ್ಕೋ ಓದುವುದೊಂದೇ ಗೊತ್ತು,
ಸಿಕ್ಕಿದ್ದನ್ನು ಗಟ್ಟಿಯಾಗಿ ಓದುತ್ತದೆ.
ಇದು ರೋಗದ ಬೇರೋ
ರೋಗ ಒಡೆದ ಬಾಗಿಲಿನ ಬರಿಯ ಕಿರುಗುಟ್ಟೋ?
ಆರು ವರ್ಷದ ಕೆಲಸ. ಗೊತ್ತಿಲ್ಲ ಅಂತಲೇ ಬರೆಯುತ್ತೇನೆ.

ಡಾಕ್ಟರ್ ಕೈಡಿ ಹೇಳುವುದು ಬೇರೆ:
ಉಳಿದ ಮುದ್ರೆಗಳನ್ನೂ ಔಷಧ ಕೊಟ್ಟು ನಾವೇ ಒಡೆಯೋಣ,
ಹಳೆಯ ವೈರಸ್ಸು ಇನ್ನಷ್ಟು ಕೂಗಲಿ.
ರಕ್ತದಲ್ಲಿ ಗಸ್ತು ತಿರುಗುವವರು,
ಗಡ್ಡೆಯನ್ನು ಮನೆಯವನೆಂದು ನಂಬಿ ದಾಟಿಹೋಗುವವರು,
ಕೂಗು ಕೇಳಿ ಒಮ್ಮೆ ಹಿಂದಿರುಗಿ ನೋಡಲಿ.
ಕುಂಬಳಕಾಯಿ ಕಳ್ಳ ಅಂದೊಡನೆ
ತಾನಾಗಿ ಹೆಗಲು ಮುಟ್ಟಿಕೊಳ್ಳಲಿ.
ಕೆಲವೊಮ್ಮೆ ಆಗುತ್ತದಂತೆ. ಕೆಲವೊಮ್ಮೆ ಇಲ್ಲ.

ಎಲ್ಮಾರ್‌ಗೆ ಹೇಳಿದಾಗ ಕಿಟಕಿ ನೋಡಿದ:
"ಮುಚ್ಚುವುದಕ್ಕೆ ಸಂಬಳ ಕೊಟ್ಟರು.
ತೆರೆಯುವುದಕ್ಕೆ ಮೈಯನ್ನೇ ಕೊಡಬೇಕೋ?"
ನನ್ನಲ್ಲಿ ಉತ್ತರವಿರಲಿಲ್ಲ, ಸೇಬು ಹೆಚ್ಚಿಕೊಟ್ಟೆ.

ನಿನ್ನೆ ರಾತ್ರಿ ತಂಗಿ ಲೇಲೊ ಹೆತ್ತಳು. ಹೆಣ್ಣು.
ಸೂಲಗಿತ್ತಿ ಮಾಸನ್ನು ಬಟ್ಟಲಲ್ಲಿ ತಿರುವಿ ನೋಡಿ
ಪೂರ್ತಿ ಬಂದಿದೆ ಅಂದಳು, ಪಕ್ಕಕ್ಕಿಟ್ಟಳು.
ಅದನ್ನು ಹೊಲಿದದ್ದೂ ಇನ್ನೊಂದು ಹಳೆಯ ವೈರಸ್ಸಿನ ಜೀನು,
ಅದೇ ಬುಡಕಟ್ಟು, ಬೇರೆ ಮನೆತನ.
ಕೋಶಕ್ಕೆ ಕೋಶ ಬೆಸೆದು
ತಾಯಿ ಮಗುವಿನ ನಡುವೆ ಗೋಡೆಯೂ ಅದೇ, ದಾರಿಯೂ ಅದೇ.
ಮುದ್ರೆ ತೆಗೆದುಕೊಟ್ಟ ಒಂದು ಪುಟ,
ಒಂಬತ್ತು ತಿಂಗಳ ಮಟ್ಟಿಗೆ.
ಲೇಲೊಗೆ ಹೇಳಲಿಲ್ಲ. ನಿದ್ದೆ ಬೇಕಿತ್ತು ಅವಳಿಗೆ.

ಈ ಹಸಿರಿಗೊಂದು ಗುಣವಿದೆ: ನೋಡಿದಷ್ಟೂ ಮಾಸುತ್ತದೆ.
ನಾಲ್ಕು ಫೋಟೋ ಸಾಕು, ಬೆಳಕು ಮುಚ್ಚಿದೆ.
ಗಾಜಿನ ಒಂದು ಮೂಲೆ ಬಿಟ್ಟುಕೊಂಡಿತ್ತು.
ಕೋಟಿನ ಜೇಬಿನಲ್ಲಿ ಲೇಲೊಳ ಉಗುರುಬಣ್ಣ, ಕೆಂಪು.
ಅಂಚಿನುದ್ದಕ್ಕೂ ಸವರಿದೆ, ಒಣಗಲಿ ಎಂದು ಊದಿದೆ,
ಒಡೆದಿಲ್ಲವೆಂದು ಪುಸ್ತಕದಲ್ಲಿ ಬರೆದೆ.