ಸಾಲು ೨೧೭

ಕ್ಲೈಪೆಡದ ಹಳೇ ಬಂದರು. ಬೆಳಗಿನ ಜಾವ ಮೂರು.
ದೋಣಿಕಟ್ಟೆಯ ಟಿಕೆಟ್ ಕಚೇರಿಯಲ್ಲಿ ನಾನೊಬ್ಬಳೇ,
ಹೀಟರಿನ ಮೇಲೆ ಒದ್ದೆ ಕೈಗವಸು,
ಪರದೆಯ ಮೇಲೆ ಕೆಂಪಕ್ಷರ:
ಇಲ್ಲದವರನ್ನು ಕರೆದಿದ್ದೀರಿ. ಸಾಲು ೨೧೭.

ವೈದೋತಾಸ್ ಬರೆದು ಬಿಟ್ಟುಹೋದ ಪಿಎಚ್‌ಪಿ ಇದು.
ಹದಿನಾರು ವರ್ಷ ತೇಪೆ ಹಾಕಿ ಹಾಕಿ
ಈಗ ಶಿಲುತೆಯ ಹತ್ತಿರ ಜೇನು ಸಾಕುತ್ತಾನಂತೆ.
ಮೊದಲ ದಿನ ಹೇಳಿದ್ದ:
"ಇಲ್ಲಿ ಯಾರೂ ಯಾರ ಮನೆಗೂ ನುಗ್ಗುವ ಹಾಗಿಲ್ಲ.
ದೋಣಿಗೆ ಹವಾಮಾನ ಬೇಕೇ? ಹೆಸರು ಹಿಡಿದು ಕರೆಯಲಿ.
ಒಂದು ಅಡ್ಡಗೆರೆ, ಅದಕ್ಕೊಂದು ಚೂಪು ಮೂತಿ.
ಈ ಬಾಣ ಕೊಲ್ಲುವುದಕ್ಕಲ್ಲ, ಬಾಗಿಲು ತಟ್ಟುವುದಕ್ಕೆ.
ತಟ್ಟಿದರೆ ಓಗೊಡುವ ಬಾಗಿಲು ಕೆಲವು.
ಉಳಿದದ್ದು ಒಳಮನೆ."

ಗಾಳಿ ಎಷ್ಟಿದೆ ಎಂದು ಕೇಳುತ್ತಿದೆ ದೋಣಿ.
ಯಾರನ್ನು?
ಹೆಸರಿದೆ, ಹೆಸರಿನ ಹಿಂದೆ ಯಾರೂ ಇಲ್ಲ.
ಹುಟ್ಟುವಾಗ ಅದರ ಕೈಗೆ ಹವಾಮಾನವನ್ನು
ಕೊಟ್ಟವರೇ ಇಲ್ಲ.
ದೋಣಿಯ ತಪ್ಪಲ್ಲ. ಪರಿಚಯ ಮಾಡಿಸಬೇಕಾದವಳು ನಾನು;
ಶುಕ್ರವಾರ ಸಂಜೆ ಮನೆಗೆ ಹೊರಡುವ ಅವಸರದಲ್ಲಿ
ಆ ಪದ ಅಳಿಸಿದವಳೂ ನಾನೇ.

ಕನ್‌ಸ್ಟ್ರಕ್ಟರಿನ ಕಂಸದೊಳಗೆ ಮತ್ತೆ ಬರೆದೆ.
ದೋಣಿ ಕರೆಯಿತು.
ಹವಾಮಾನ ಓಗೊಟ್ಟಿತು:
ವಾಯವ್ಯದಿಂದ, ಸೆಕೆಂಡಿಗೆ ಒಂಬತ್ತು ಮೀಟರು.

ಅಲ್ಲಿಗೆ ಮುಚ್ಚಿ ಏಳಬೇಕಿತ್ತು.
ಸುಮ್ಮನೆ ಕೆಳಗಿಳಿಯುತ್ತ ಹೋದೆ.
ಒಂದು ದೋಣಿ ಇನ್ನೊಂದು ದೋಣಿಯ ಡೀಸೆಲ್ ಲೆಕ್ಕಕ್ಕೆ
ನೇರ ಕೈ ಹಾಕಿದೆ!
ಪ್ರೈವೇಟ್ ಎಂದು ಬರೆದಿಟ್ಟ ಪೆಟ್ಟಿಗೆ,
ತಟ್ಟಲಿಲ್ಲ, ಕೇಳಲಿಲ್ಲ,
ಯಾರೂ ತಕರಾರು ತೆಗೆಯಲಿಲ್ಲ.
ಪಕ್ಕದಲ್ಲಿ ವೈದೋತಾಸನ ಟಿಪ್ಪಣಿ:
"ಗಾಬರಿ ಬೇಡ. ಇಬ್ಬರೂ ಒಂದೇ ಕ್ಲಾಸಿನವರು.
ಒಳಮನೆಯ ಬೀಗ ಹೊರಗಿನವರಿಗೆ,
ಒಡಹುಟ್ಟಿದವರಿಗಲ್ಲ."

ಹಿನ್ನೀರಿನ ಆಚೆ, ಮರಳದಿಬ್ಬಗಳ ನಿದಾದಲ್ಲಿ
ಯೊಗೈಲೆ ಈ ಹೊತ್ತಿಗೆ ಎದ್ದು
ಮೀನಿನ ಹೊಗೆಗೂಡಿಗೆ ಆಲ್ಡರ್ ಸೌದೆ ಒಟ್ಟುತ್ತಿರುತ್ತಾಳೆ.
ಆ ಗೂಡು ಅಮ್ಮ ಯಾರ ಹೆಸರಿಗೆ ಬರೆದಳು ಎಂಬುದಕ್ಕೆ
ಎರಡು ಚಳಿಗಾಲದಿಂದ ನಮ್ಮ ನಡುವೆ ಮಾತಿಲ್ಲ.
ಏನೇ ಇದ್ದರೂ ವಕೀಲರ ಮೂಲಕ,
ಸಾರ್ವಜನಿಕ ಬಾಗಿಲಿನಿಂದ, ರಸೀದಿ ಸಮೇತ.

ಅವಳ ಎಡಮೊಣಕಾಲಿನ ಕಲೆ ಯಾವುದರದ್ದೆಂದು
ಅವಳ ಗಂಡನಿಗೆ ಗೊತ್ತಿಲ್ಲ.
ನನಗೆ ಗೊತ್ತು.
ಕತ್ತಲಾದರೆ ನಾನು ದೀಪ ಹಚ್ಚಿಕೊಂಡೇ ಮಲಗುವುದು
ಈ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ.

ಫೋನು ಮಾಡಿದೆ.
ಆರು ಸಲ, ಏಳು ಸಲ ರಿಂಗಾಯಿತು.
ಇಲ್ಲದವರನ್ನು ಕರೆದ ಹಾಗಲ್ಲ ಇದು.
ಆ ಕಡೆ ಯಾರೋ ಇದ್ದಾರೆ,
ಬೂದಿಗೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ
ಹೆಸರು ನೋಡುತ್ತಿದ್ದಾರೆ.
ಈ ದೋಷಕ್ಕೆ ಪರದೆ ಸಾಲಿನ ಸಂಖ್ಯೆ ಕೊಡುವುದಿಲ್ಲ.

ಐದೂವರೆಗೆ ಮೊದಲ ದೋಣಿ.
ಟಿಕೆಟ್ ಪುಟ ತೆರೆಯುತ್ತಿದೆ, ಚೆನ್ನಾಗಿಯೇ ಇದೆ.
ನನ್ನ ಹೆಸರಿಗೇ ಒಂದು ತೆಗೆದು ನೋಡಿದೆ,
ಒಬ್ಬಳು, ಕಾಲ್ನಡಿಗೆ,
ಪರೀಕ್ಷೆಗೆ ಅಂತ.